ಮೆಟ್ಟಿಲಿಲ್ಲದ ನದಿ

ಜೂನ್ 12

ಅಣ್ಣನಿಗೆ ತಂಗಿಯ ನಮಸ್ಕಾರ.

ನಾನು ಚೆನ್ನಾಗಿದ್ದೇನೆ ಎಂದು ಮೊದಲು ಬರೆಯಬೇಕಲ್ಲ, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಮಂಚಕ್ಕೆ ಅಂಟಿಕೊಂಡು ಬಿದ್ದಿದ್ದೇನೆ. ಹೆರಿಗೆಯಾಗುವವರೆಗೂ ಕಾಲು ಕೆಳಗಿಡಬಾರದು ಎಂದು ಡಾಕ್ಟರಮ್ಮನ ಅಪ್ಪಣೆ. ಹಿಂದಿನ ಎರಡು ಸಲ ಆದದ್ದು ಈ ಸಲ ಆಗಬಾರದಂತೆ. ಜೋರಾಗಿ ನಗಬಾರದು, ಅಳಬಾರದು, ಗಾಬರಿಯಾಗಬಾರದು. ಇವರಂತೂ ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೂ ಓಡಿಬಂದು ನನ್ನ ಮುಖ ನೋಡುತ್ತಾರೆ. ಸ್ಕೂಲಿನಲ್ಲಿ ನನ್ನ ಡ್ರಾಯಿಂಗ್ ಕ್ಲಾಸನ್ನು ಆಟದ ಮೇಷ್ಟ್ರಿಗೆ ವಹಿಸಿದ್ದಾರೆ. ಮಕ್ಕಳೆಲ್ಲ ಚೆಂಡು ಬರೆಯುತ್ತಿರಬೇಕು.

ಫೋನು ಇರುವುದು ಕೆಳಗಿನ ಅಂಗಡಿಯಲ್ಲಿ, ನಾನಿರುವುದು ಮೂರನೇ ಮಹಡಿಯಲ್ಲಿ. ಹಾಗಾಗಿ ಕಾಗದವೇ ಗತಿ. ಪಂಪ್‌ಹೌಸ್ ಕೆಲಸ ಹೇಗಿದೆ? ಅತ್ತಿಗೆಯ ಸೊಂಟನೋವು ಕಡಿಮೆಯಾಯಿತೇ?

ಮುಂದಿನದು ಬುಗುರಿಗೆ. ನೀನು ಓದಿ ಹೇಳಬೇಡ, ಅವಳ ಕೈಗೇ ಕೊಡು.

ಬುಗುರಿ, ನಿನ್ನ ನದಿಯ ಚಿತ್ರವನ್ನು ಮಂಚದ ಎದುರಿನ ಗೋಡೆಗೆ ಅಂಟಿಸಿದ್ದೇನೆ. ಸೂರ್ಯನಿಗೆ ಮೀಸೆ ಯಾಕೆ ಬಂತು ಅಂತ ಬರೆದು ತಿಳಿಸು. “ನಿಜವಾದ ನದಿ ಥರಾನೇ ಬರೆಯೋದು ಹೇಗೆ ಅತ್ತೆ?” ಅಂತ ಕೇಳಿದ್ದೀಯಲ್ಲ, ಹೇಳುತ್ತೇನೆ. ಮೊದಲು ಪೆನ್ಸಿಲ್ ಕೆಳಗಿಡು. ಅಪ್ಪನ ಕೈ ಹಿಡಿದುಕೊಂಡು ದಡಕ್ಕೆ ಹೋಗಿ ಸುಮ್ಮನೆ ನೋಡು. ನೀನು ನೀರಿಗೆ ಹಾವಿನ ಹಾಗೆ ಗೆರೆ ಎಳೆದಿದ್ದೀಯ. ನೀರಿಗೆ ಗೆರೆಯೇ ಇಲ್ಲ. ದಡ ಬರಿ, ಮರ ಬರಿ, ನೀರು ತಾನಾಗಿ ಬರುತ್ತದೆ. ದೂರದ ಮರಗಳನ್ನು ಪೆನ್ಸಿಲ್ ಮುಟ್ಟಿಯೂ ಮುಟ್ಟದ ಹಾಗೆ ತಿಳಿಯಾಗಿ ಬರಿ, ಹತ್ತಿರದವನ್ನು ಗಾಢವಾಗಿ. ಬಿಸಿಲು ಹೊಳೆಯುವ ಕಡೆ ಏನೂ ಮಾಡಬೇಡ, ಕಾಗದದ ಬಿಳಿಯೇ ಬಿಸಿಲು. ಬೇಗ ಬರೆದು ಕಳಿಸು. ಇಲ್ಲದಿದ್ದರೆ ನಾನೇ ಎದ್ದು ಬಂದುಬಿಡುತ್ತೇನೆ, ಆಮೇಲೆ ಡಾಕ್ಟರಮ್ಮ ನಿನ್ನನ್ನೇ ಬೈಯುತ್ತಾರೆ.

ನಿನ್ನ ತಂಗಿ


ಜುಲೈ 4

ತಂಗಿಗೆ ಆಶೀರ್ವಾದ.

ಉತ್ತರ ತಡವಾಯಿತು. ಮೇಲಿನಿಂದ ಹೊಸ ನೀರು ಬಂದಿದೆ. ಜಾಲರಿಗೆ ಕಸಕಡ್ಡಿ ಸಿಕ್ಕಿಕೊಂಡು ಮೋಟಾರು ಪದೇ ಪದೇ ನಿಲ್ಲುತ್ತಿದೆ. ಅದನ್ನು ಬಿಡಿಸುವುದೇ ಕೆಲಸವಾಗಿದೆ.

ನಾವೆಲ್ಲ ಇದ್ದೇವೆ. ಬುಗುರಿಗೆ ಕಾಗದ ಬರೆಯಲು ಬೇಜಾರಂತೆ. ಇನ್ನು ಮುಂದೆ ಚಿತ್ರ ಮಾತ್ರವಂತೆ. ಇದರ ಜೊತೆ ಒಂದು ಇಟ್ಟಿದ್ದೇನೆ. ನೀನು ಹೇಳಿದ ಹಾಗೆ ದಡ ಬರೆದರೂ ನೀರು ಬರಲಿಲ್ಲ. ನೀರು ಚಲಿಸುತ್ತಿದೆ ಎಂದು ತೋರಿಸುವುದು ಹೇಗೆ? ಕಾಗದದ ಮೇಲೆ ಅದು ನಿಂತೇ ಇರುತ್ತದೆ.

ನೀನು ಎದ್ದು ಬರುವ ಮಾತು ಬಿಡು. ಡಾಕ್ಟರು ಹೇಳಿದ ಹಾಗೆ ಕೇಳು. ನೀನು ಚೆನ್ನಾಗಿದ್ದರೆ ನಮಗೆ ಅಷ್ಟೇ ಸಾಕು.

ನಿನ್ನ ಅಣ್ಣ


ಜುಲೈ 15

ಅಣ್ಣನಿಗೆ ನಮಸ್ಕಾರ.

ಚಿತ್ರ ನೋಡಿ ನಗು ಬಂತು. ಜೋರಾಗಿ ನಗಲಿಲ್ಲ, ಹೆದರಬೇಡ. ದಡ ಪಂಪ್‌ಹೌಸಿನ ಗೋಡೆಯ ಹಾಗೆ ನೆಟ್ಟಗಿದೆ. ಅಲ್ಲಿ ನಿನ್ನ ಸ್ಕೇಲು ಓಡಾಡಿದ್ದು ನನಗೆ ಗೊತ್ತಾಗುವುದಿಲ್ಲವೇ? ಅವಳ ಪಾಡಿಗೆ ಅವಳನ್ನು ಬಿಡು ಮಾರಾಯ. ನಾನು ಚಿಕ್ಕವಳಿದ್ದಾಗ ನನ್ನ ಗಾಳಿಪಟವನ್ನೂ ನೀನೇ ಹಾರಿಸುತ್ತಿದ್ದೆ, ನಾನು ಬಾಲ ಹಿಡಿದುಕೊಂಡು ನಿಂತಿರಬೇಕಿತ್ತು.

ಬುಗುರಿಗೆ ಹೇಳು: ಪೆನ್ಸಿಲನ್ನು ಅಷ್ಟು ಒತ್ತಬಾರದು. ಕಾಗದ ಎರಡು ಕಡೆ ಹರಿದಿದೆ. ನೀರು ಎಲ್ಲಾ ಕಡೆ ಕಪ್ಪಾಗಿರುವುದಿಲ್ಲ. ಕಾಲ ಹತ್ತಿರ ಗಾಢ, ದೂರ ಹೋದಂತೆ ಆಕಾಶದ ಬೆಳಕು ಬಿದ್ದು ತಿಳಿ. ಚಲಿಸುವುದನ್ನು ತೋರಿಸಬೇಕಾದರೆ ಪ್ರತಿಬಿಂಬವನ್ನು ಅಲ್ಲಲ್ಲಿ ಮುರಿಯಬೇಕು. ಮರ ನೇರವಾಗಿ ಕೆಳಗೆ ಬೀಳುತ್ತದೆ, ನೀರು ಅದನ್ನು ಅಡ್ಡಡ್ಡಕ್ಕೆ ಕತ್ತರಿಸುತ್ತದೆ. ಗೆರೆಗಳು ದೂರದಲ್ಲಿ ಸಣ್ಣ, ಹತ್ತಿರ ಅಗಲ. ಬೆರಳಿನಿಂದ ಉಜ್ಜಬೇಡ ಅಂತಲೂ ಹೇಳು. ಉಜ್ಜಿದರೆ ನೀರಲ್ಲ, ಹೊಗೆಯಾಗುತ್ತದೆ.

ಅತ್ತಿಗೆ ಕೊನೆಯಲ್ಲಿ ಎರಡು ಸಾಲು ಸೇರಿಸುತ್ತಿದ್ದರು, ಈ ಸಲ ಇಲ್ಲ. ನನ್ನ ಮೇಲೆ ಏನಾದರೂ ಬೇಸರವೇ? ಮಲಗಿದವಳಿಗೆ ಇಂಥದ್ದೇ ಯೋಚನೆ.

ನಿನ್ನ ತಂಗಿ


ಆಗಸ್ಟ್ 6

ತಂಗಿಗೆ ಆಶೀರ್ವಾದ.

ಬೇಸರ ಏನೂ ಇಲ್ಲ. ನಿನ್ನ ಅತ್ತಿಗೆ ತವರಿಗೆ ಹೋಗಿದ್ದಾಳೆ. ಅವರಮ್ಮನಿಗೆ ಹುಷಾರಿಲ್ಲ. ಸ್ವಲ್ಪ ದಿನ ಅಲ್ಲೇ ಇರುತ್ತಾಳೆ.

ಚಿತ್ರ ಇಟ್ಟಿದ್ದೇನೆ. ಈ ಸಲ ಒತ್ತಿಲ್ಲ. ಮರದ ನೆರಳು ನೀನು ಹೇಳಿದ ಹಾಗೇ ಬಂತು. ಆದರೆ ಹಗಲು ಹೊತ್ತೇರಿದ ಹಾಗೆ ನೀರಿನ ಬಣ್ಣ ಬದಲಾಗುತ್ತದೆ. ಬೆಳಿಗ್ಗೆ ಬರೆದದ್ದು ಮಧ್ಯಾಹ್ನಕ್ಕೆ ಸುಳ್ಳಾಗುತ್ತದೆ. ಯಾವುದನ್ನು ನಿಜ ಎಂದು ಇಟ್ಟುಕೊಳ್ಳುವುದು?

ಊಟ ಸರಿಯಾಗಿ ಮಾಡು.

ನಿನ್ನ ಅಣ್ಣ


ಆಗಸ್ಟ್ 19

ಅಣ್ಣನಿಗೆ ನಮಸ್ಕಾರ.

ಇದು ಬುಗುರಿಯ ಚಿತ್ರವಲ್ಲ. ಮಕ್ಕಳ ಚಿತ್ರ ನೋಡುವುದೇ ನನ್ನ ಹೊಟ್ಟೆಪಾಡು, ನನಗೆ ಸುಳ್ಳು ಹೇಳಬೇಡ. ಎಂಟು ವರ್ಷದ ಹುಡುಗಿ ಇಷ್ಟು ಖಾಲಿಯಾಗಿ ಬರೆಯುವುದಿಲ್ಲ. ಒಂದು ದೋಣಿಯಿಲ್ಲ, ಹಕ್ಕಿಯಿಲ್ಲ, ಮನುಷ್ಯರಿಲ್ಲ. ಅವಳು ಚೊಂಬು ಬರೆದರೂ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸುತ್ತಾಳೆ.

ಇನ್ನೊಂದು ಗಮನಿಸಿದೆ. ಎರಡು ಚಿತ್ರಗಳಲ್ಲೂ ಬಲಗಡೆ ದಡದಲ್ಲಿ ಒಂದು ಜಾಗ ಖಾಲಿ ಬಿಟ್ಟಿದೆ. ಅಲ್ಲಿ ಮೆಟ್ಟಿಲುಗಳಿವೆ, ನಾನು ಬಂದಾಗ ಅಲ್ಲೇ ಕೂತು ಕಾಲು ತೊಳೆಯುತ್ತಿದ್ದೆ. ಬಿಸಿಲಿಗಾಗಿ ಬಿಟ್ಟ ಬಿಳಿಯಲ್ಲ ಅದು. ಕೈ ಅಲ್ಲಿಗೆ ಹೋಗಿ ನಿಂತುಬಿಟ್ಟಿದೆ. ಬರೆಯಲು ಕಷ್ಟವಾದದ್ದನ್ನು ಬಿಟ್ಟುಬಿಡುವುದು ಒಳ್ಳೆಯ ಅಭ್ಯಾಸವಲ್ಲ.

ಬುಗುರಿಗೆ ಹುಷಾರಿಲ್ಲವೇ? ಇಲ್ಲದಿದ್ದರೆ ಇಲ್ಲ ಎಂದೇ ಹೇಳು. ಅವಳ ಕೈಬರಹದಲ್ಲಿ ಒಂದೇ ಒಂದು ಸಾಲು ಕಳಿಸು. ಇವರನ್ನು ಕೇಳಿದರೆ “ಮಕ್ಕಳಲ್ವಾ, ಆಟದಲ್ಲಿ ಮರೆತಿರ್ತಾರೆ, ಬಿಡು” ಅಂದು ತಲೆ ತಗ್ಗಿಸಿಕೊಂಡು ಪೇಪರ್ ಓದುತ್ತಾರೆ.

ನಿನ್ನ ತಂಗಿ


ಸೆಪ್ಟೆಂಬರ್ 2

ತಂಗಿಗೆ ಆಶೀರ್ವಾದ.

ನೀನು ಹೇಳಿದ್ದು ಸರಿ. ಚಿತ್ರ ನಾನೇ ಬರೆದದ್ದು. ಬುಗುರಿ ಅವಳಮ್ಮನ ಜೊತೆ ಅಜ್ಜಿಯ ಮನೆಯಲ್ಲಿದ್ದಾಳೆ. ಅಲ್ಲಿಂದ ಕಾಗದ ಹಾಕುವವರು ಯಾರೂ ಇಲ್ಲ. ನಿನಗೆ ಬೇಜಾರಾಗಬಾರದೆಂದು ಅವಳ ಹೆಸರಿನಲ್ಲಿ ಕಳಿಸಿದೆ.

ಕೆಲಸ ಮುಗಿಸಿ ಬಂದರೆ ಮನೆ ಭಣಗುಡುತ್ತದೆ. ಮೋಟಾರು ಓಡುವಾಗ ಪರವಾಗಿಲ್ಲ, ನಿಂತಾಗ ಕಷ್ಟ. ನಿನ್ನ ಕಾಗದ ಎದುರಿಗಿಟ್ಟುಕೊಂಡು ಬರೆಯಲು ಕೂತರೆ ಸ್ವಲ್ಪ ಹೊತ್ತು ಹೋಗುತ್ತದೆ. ಬರೆಯದೆ ಇದ್ದಾಗ ನನಗೆ ಆ ನದಿಯನ್ನು ನೋಡಲು ಆಗುವುದಿಲ್ಲ. ಪೆನ್ಸಿಲ್ ಹಿಡಿದರೆ ನೋಡಬಲ್ಲೆ. ಯಾಕೆಂದು ಕೇಳಬೇಡ. ನನಗೇ ಕಲಿಸಿಕೊಡು.

ನಿನ್ನ ಅಣ್ಣ


ಸೆಪ್ಟೆಂಬರ್ 20

ನನ್ನ ಮುದ್ದು ಅಣ್ಣನಿಗೆ,

ಮೊದಲೇ ಹೇಳಬಾರದಿತ್ತೇ? ಎಷ್ಟು ಹೆದರಿದ್ದೆ ಗೊತ್ತಾ. ನಿನ್ನ ಕಾಗದ ಓದಿ ಎದೆ ಹಗುರಾಯಿತು. ಹೆಂಡತಿ ತವರಿಗೆ ಹೋದರೆ ಗಂಡಸರು ಹೀಗೆ ಚಿತ್ರಕಾರರಾಗುತ್ತಾರೆ ಎಂದು ತಿಳಿದಿದ್ದರೆ ಅತ್ತಿಗೆಯನ್ನು ಎಂದೋ ಕಳಿಸುತ್ತಿದ್ದೆ. ಅವರಮ್ಮ ಬೇಗ ಸುಧಾರಿಸಲಿ.

ಯಾವುದು ನಿಜ ಎಂದು ನೀನು ಕೇಳಿದ್ದೆ. ಒಂದು ಹೊತ್ತನ್ನು ಆರಿಸಿಕೊಂಡು ಆ ಹೊತ್ತಿಗೆ ಮಾತ್ರ ಕೂತುಕೊ. ಬೆಳಕು ಸರಿದರೆ ಎದ್ದುಬಿಡು, ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ. ಕಪ್ಪು ಮರದ ಪ್ರತಿಬಿಂಬ ಮರಕ್ಕಿಂತ ಸ್ವಲ್ಪ ತಿಳಿಯಾಗಿರಲಿ, ಬಿಳಿ ಗೋಡೆಯದು ಗೋಡೆಗಿಂತ ಸ್ವಲ್ಪ ಮಬ್ಬಾಗಿರಲಿ. ಮೆಟ್ಟಿಲು ಬರೆಯುವುದು ಕಷ್ಟವಾದರೆ ಒಂದೊಂದೇ ಬರಿ, ಮೇಲಿನಿಂದ ಶುರುಮಾಡು.

ಕೂಸು ಒಳಗೆ ಒದೆಯುತ್ತಿದೆ. ಮೊನ್ನೆ ಹೊಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡಿದ್ದೆ, ಪುಸ್ತಕವೇ ಹಾರಿತು. ಹೆಸರು ಬುಗುರಿಯೇ ಇಡಬೇಕು, ನಾನು ಯಾರ ಮಾತೂ ಕೇಳುವುದಿಲ್ಲ. ಅವಳು ಏನೇ ಇಟ್ಟರೂ ಸರಿ. ಅಜ್ಜಿಯ ಮನೆಯಿಂದ ಬಂದ ಕೂಡಲೇ ಕೇಳಿ ಬರೆ.

ನಿನ್ನ ತಂಗಿ


ನವೆಂಬರ್ 18

ತಂಗಿಗೆ,

ಇದನ್ನು ಓದುವಾಗ ಭಾವ ನಿನ್ನ ಪಕ್ಕದಲ್ಲಿರಬೇಕು ಎಂದು ಅವರಿಗೆ ಹೇಳಿದ್ದೇನೆ. ಇಲ್ಲದಿದ್ದರೆ ಕಾಗದ ಮಡಿಸಿಡು, ಅವರು ಬರಲಿ.

ಹೆಣ್ಣುಕೂಸು ಹುಟ್ಟಿತು, ತಾಯಿ ಮಗು ಇಬ್ಬರೂ ಆರೋಗ್ಯ ಎಂದು ಭಾವ ಆಫೀಸಿಗೆ ಫೋನು ಮಾಡಿದ ದಿನ ನಾನು ರಿಸೀವರ್ ಇಟ್ಟು ಪಂಪ್‌ಹೌಸಿನ ಹಿಂದೆ ಹೋಗಿ ಕೂತೆ. ಎಷ್ಟು ಸಂತೋಷವಾಯಿತೋ ಅಷ್ಟೇ ಹೆದರಿಕೆಯಾಯಿತು. ಇನ್ನು ನಿನಗೆ ಹೇಳದೆ ಇರಲು ಕಾರಣವಿಲ್ಲ. ಡಾಕ್ಟರಮ್ಮನೂ ಈಗ ಹೇಳಬಹುದು ಎಂದರಂತೆ.

ಬುಗುರಿ ಇಲ್ಲ ಕಣಮ್ಮ. ಜೂನ್ ತಿಂಗಳಲ್ಲೇ ಹೋದಳು.

ಶಾಲೆಯಿಂದ ಬಂದವಳು ಡ್ರಾಯಿಂಗ್ ಪುಸ್ತಕ ತೆಗೆದುಕೊಂಡು ಮೆಟ್ಟಿಲಿಗೆ ಹೋಗಿದ್ದಾಳೆ. ನಾನು ಡ್ಯೂಟಿಯಲ್ಲಿದ್ದೆ. ಅವಳಮ್ಮ ಬಟ್ಟೆ ಒಣಹಾಕುತ್ತಿದ್ದಳು. ಅಲ್ಲಿ ಅವಳು ದಿನಾ ಕೂರುತ್ತಿದ್ದಳು, ಯಾರಿಗೂ ಭಯವಿರಲಿಲ್ಲ. ಆ ದಿನ ನೀರು ಏರಿತ್ತು. ಕೆಳಗಿನ ಮೆಟ್ಟಿಲಿನಲ್ಲಿ ಪಾಚಿ. ಎರಡು ಮೋಟಾರೂ ಓಡುತ್ತಿದ್ದವು. ಕೂಗಿದ್ದರೂ ನನಗೆ ಕೇಳುತ್ತಿರಲಿಲ್ಲ. ಕೂಗಿದಳೋ ಇಲ್ಲವೋ, ಅದೂ ಗೊತ್ತಿಲ್ಲ. ಅವಳಮ್ಮ ಬಂದು ಬಾಗಿಲು ಬಡಿದು “ಬುಗುರಿ ಇಲ್ಲಿದ್ದಾಳಾ?” ಎಂದು ಕೇಳಿದಾಗ ನಾನು “ಇಲ್ಲೇ ಎಲ್ಲೋ ಇರ್ತಾಳೆ, ನೋಡು” ಎಂದು ಹೇಳಿ ಗ್ರೀಸ್ ಹಾಕುತ್ತಾ ನಿಂತಿದ್ದೆ. ಮಾರನೆಯ ದಿನ ಬೆಳಿಗ್ಗೆ ನದಿಯ ತಿರುವಿನಲ್ಲಿ ಮೀನು ಹಿಡಿಯುವವರಿಗೆ ಸಿಕ್ಕಳು. ನಾನೇ ಎತ್ತಿಕೊಂಡು ಬಂದೆ.

ಭಾವ ಬಂದಿದ್ದರು. ನಿನಗೆ ಆಫೀಸಿನ ಕೆಲಸ ಎಂದು ಹೇಳಿದ್ದರು. ಅವರು ನನ್ನ ಎರಡೂ ಕೈ ಹಿಡಿದುಕೊಂಡು “ಅವಳಿಗೆ ಹೇಳಬೇಡಿ, ಈ ಸಲವೂ ಹೋದರೆ ಅವಳು ಉಳಿಯಲ್ಲ” ಎಂದರು. ನನಗೂ ಅದೇ ಸರಿ ಎನಿಸಿತು. ಒಂದು ಮಗುವನ್ನು ಕಳಿಸಿದ ಕೈಯಲ್ಲಿ ಇನ್ನೊಂದನ್ನು ಕಳಿಸಲು ಧೈರ್ಯವಿರಲಿಲ್ಲ.

ಆದರೆ ಆ ಕಾಗದಗಳಿಂದ ನಿನ್ನ ಅತ್ತಿಗೆಗೆ ಆದದ್ದನ್ನು ಹೇಳಲೇಬೇಕು. ಅವರಮ್ಮನಿಗೆ ಏನೂ ಆಗಿಲ್ಲ. ನಾನು “ಬುಗುರಿಗೆ ಬರೆಯಲು ಬೇಜಾರಂತೆ” ಎಂದು ಬರೆದದ್ದನ್ನು ಅವಳು ಓದಿದಳು. ಕೂಗಾಡಲಿಲ್ಲ. ಟ್ರಂಕು ತುಂಬಿಕೊಂಡು ಬಾಗಿಲ ಹತ್ತಿರ ನಿಂತು ಹೇಳಿದಳು: “ನಿಮ್ಮ ತಂಗಿ ಪಾಲಿಗೆ ಅವಳಿದ್ದಾಳೆ. ಕಾಗದ ಬರೆಯೋವಾಗ ನಿಮ್ಮ ಪಾಲಿಗೂ ಇರ್ತಾಳೆ. ನನ್ನೊಬ್ಬಳ ಪಾಲಿಗೇನಾ ಅವಳು ಸತ್ತಿರೋದು?”

 

ಅಣ್ಣ


ಜನವರಿ 9

ಅಣ್ಣ,

ನಮಸ್ಕಾರ ಎಂದು ಬರೆಯಲು ಕೈ ಬರುತ್ತಿಲ್ಲ. ಕಾಗದ ಓದುವಾಗ ಇವರು ಪಕ್ಕದಲ್ಲಿದ್ದರು. ನಮ್ಮತ್ತೆ ಬಂದು ಕೂಸನ್ನು ಎತ್ತಿಕೊಂಡು ಪಕ್ಕದ ಕೋಣೆಗೆ ಹೋದರು. ಅವರಿಗೂ ಗೊತ್ತಿತ್ತು. ಡಾಕ್ಟರಮ್ಮನಿಗೆ ಗೊತ್ತಿತ್ತು. ಹಾಲು ಹಾಕುವವನಿಗೂ ಗೊತ್ತಿತ್ತೇನೋ.

ನೀವೆಲ್ಲ ಸೇರಿ ನನ್ನನ್ನು ಉಳಿಸಿದಿರಿ, ಸರಿ. ನನ್ನ ಅಳು ಏನಾಯಿತು? ಅವಳು ಹೋದಾಗ ನಾನು ಅಳಲಿಲ್ಲ. ನೀವು ಅವಳನ್ನು ಹೊತ್ತುಕೊಂಡು ಹೋದಾಗ ನಾನು ಇಲ್ಲಿ ಹಣ್ಣು ತಿನ್ನುತ್ತಾ ಅವಳ ಮೀಸೆಯ ಸೂರ್ಯನನ್ನು ನೋಡಿ ನಗುತ್ತಿದ್ದೆ. ಇಲ್ಲದ ಮಗುವಿಗೆ ಪೆನ್ಸಿಲ್ ಒತ್ತಬೇಡ ಎಂದು ಬುದ್ಧಿ ಹೇಳಿದೆ. ಹೆಸರಿಡಲಿ ಎಂದು ಕಾದೆ. ಅದನ್ನು ಓದಿದಾಗ ನಿನಗೆ ಹೇಗಾಗಿರಬೇಕು ಎಂದು ಯೋಚಿಸುತ್ತೇನೆ, ಮರುಕ್ಷಣವೇ ನಿನ್ನ ಮೇಲೆ ಸಿಟ್ಟು ಬರುತ್ತದೆ. ಅತ್ತಿಗೆ ನನ್ನಿಂದಾಗಿ ಮನೆ ಬಿಟ್ಟರು. ನಾನು ತಮಾಷೆ ಮಾಡಿದೆ, ಅವರನ್ನು ಎಂದೋ ತವರಿಗೆ ಕಳಿಸಬೇಕಿತ್ತು ಎಂದು.

ಎದೆಹಾಲು ನಿಂತುಹೋಗಿದೆ. ಇವರ ಜೊತೆ ಮಾತು ಬಿಟ್ಟಿದ್ದೇನೆ.

ಒಂದನ್ನು ಮಾತ್ರ ಹೇಳು. ಜೂನ್‌ನಲ್ಲಿ ನಾನೇ ಬರೆದಿದ್ದೆ, ದಡಕ್ಕೆ ಹೋಗಿ ನೋಡು ಎಂದು. ಅದನ್ನು ಓದಿ ಹೋದಳಾ? ಸುಳ್ಳು ಹೇಳಬೇಡ. ಹೇಳಿದರೆ ನನಗೆ ತಿಳಿಯುತ್ತದೆ.


ಜನವರಿ 17

ತಂಗಿಗೆ,

ಇಲ್ಲ. ಆಣೆ ಮಾಡಿ ಹೇಳುತ್ತೇನೆ. ನಿನ್ನ ಕಾಗದ ಬಂದದ್ದು ಅವಳು ಹೋದ ಮೇಲೆ. ಮನೆ ತುಂಬ ಜನ ಕೂತಿದ್ದಾಗ ಪೋಸ್ಟ್‌ಮ್ಯಾನ್ ತಂದುಕೊಟ್ಟ. “ಅವಳ ಕೈಗೇ ಕೊಡು” ಎಂದು ನೀನು ಬರೆದಿದ್ದೆ. ನಾನು ಅದನ್ನು ಹಿಡಿದುಕೊಂಡು ಎಲ್ಲಿಗೆ ಹೋಗಬೇಕೋ ತಿಳಿಯದೆ ಅಂಗಳದಲ್ಲಿ ನಿಂತಿದ್ದೆ. ನಿನ್ನ ಪಾಠ ಅವಳು ಓದಲೇ ಇಲ್ಲ. ಮೊದಲಿನಿಂದ ಕೊನೆಯವರೆಗೂ ಕಲಿತವನು ನಾನೊಬ್ಬನೇ.

ಇದನ್ನು ಅಂದೇ ಬರೆಯಬೇಕಿತ್ತು. ನೀನು ಆ ದಾರಿಯಲ್ಲಿ ಯೋಚಿಸುತ್ತೀಯ ಎಂದು ನನಗೆ ತೋಚಲಿಲ್ಲ. ಇಷ್ಟು ದಿನ ನೀನು ಅದನ್ನು ಹೊತ್ತುಕೊಂಡಿದ್ದೆಯಲ್ಲ ಎಂದು ಸಂಕಟವಾಗುತ್ತದೆ.

ಕಳೆದ ವಾರ ಮೆಟ್ಟಿಲು ಬರೆದೆ. ನೀನು ಹೇಳಿದ ಹಾಗೆ ಮೇಲಿನಿಂದ ಒಂದೊಂದಾಗಿ. ಕೊನೆಯದರಲ್ಲಿ ಪಾಚಿಗೆ ಮೆತ್ತನೆಯ ಪೆನ್ಸಿಲನ್ನು ಅಡ್ಡ ಹಿಡಿದು ತೀಡಿದೆ. ಚಿತ್ರ ಪೂರ್ತಿಯಾಯಿತು. ಮೇಲಧಿಕಾರಿಗಳು ಬಂದವರು ಮೇಜಿನ ಮೇಲೆ ನೋಡಿ, “ಫೋಟೋ ಇದ್ದ ಹಾಗಿದೆಯಲ್ರೀ” ಎಂದರು. ಮುಗಿಸಿದರೆ ಏನಾದರೂ ಆಗುತ್ತದೆ, ಒಳಗೆ ಏನಾದರೂ ಸಡಿಲವಾಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಕೈ ತೊಳೆದುಕೊಂಡು ಡ್ಯೂಟಿಗೆ ಹೋದೆ.

ಕಳಿಸುತ್ತಿದ್ದೇನೆ. ತಪ್ಪಿದ್ದರೆ ಹೇಳಬೇಡ. ಭಾವನ ಜೊತೆ ಮಾತಾಡು. ಅವರದು ತಪ್ಪಲ್ಲ.

ಅಣ್ಣ


ಮಾರ್ಚ್ 3

ಅಣ್ಣನಿಗೆ ನಮಸ್ಕಾರ.

ನಾನು ಅತ್ತಿಗೆಯನ್ನು ನೋಡಲು ಹೋಗಿದ್ದೆ. ನಿನಗೆ ಹೇಳಿದರೆ ಬೇಡ ಎನ್ನುತ್ತಿದ್ದೆ. ಇವರೇ ಕರೆದುಕೊಂಡು ಹೋದರು, ಬಸ್ಸಿನಲ್ಲಿ ಮಾತು ಶುರುವಾಯಿತು. ಕೂಸನ್ನು ಕರೆದೊಯ್ಯಬೇಕೋ ಬೇಡವೋ ಎಂದು ಬಹಳ ಒದ್ದಾಡಿದೆ. ಬಿಟ್ಟು ಹೋದರೆ ಅದೂ ಒಂದು ಮುಚ್ಚುಮರೆಯಾಗುತ್ತದೆ ಎನಿಸಿ ಎತ್ತಿಕೊಂಡೇ ಹೋದೆ.

ಅತ್ತಿಗೆ ಬಾಗಿಲು ತೆಗೆದು ಕೂಸನ್ನು ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ತುಂಬ ಸೊರಗಿದ್ದಾರೆ. ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಾರೆ, ಅಕ್ಕಪಕ್ಕದವರ ಬಟ್ಟೆ ಹೊಲಿಯುತ್ತಾರೆ. ನಾನು ಏನೇನೋ ಹೇಳಬೇಕೆಂದು ಹೋಗಿದ್ದೆ. ಕಾಲ ಹತ್ತಿರ ಕೂತು ಅತ್ತದ್ದಷ್ಟೇ ಆಯಿತು. ಅವರು ಸಮಾಧಾನ ಮಾಡಲಿಲ್ಲ. ಮಿಷನ್ ನಿಲ್ಲಿಸಿದರು. ಆಮೇಲೆ, “ನೀನೊಬ್ಬಳು ಅಳ್ತಾ ಇದ್ದೀಯ. ಅವರು ನನ್ನೆದುರಿಗೆ ಒಂದು ಸಲಾನೂ ಅಳಲಿಲ್ಲ” ಎಂದರು.

ನಿನ್ನ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು. “ಚೆನ್ನಾಗೇ ಬರೆದಿದ್ದಾರೆ. ಇದನ್ನ ಮನೇಲಿಟ್ಟುಕೊಳ್ಳಕ್ಕೆ ನನ್ನ ಕೈಲಾಗಲ್ಲ” ಎಂದು ಮಡಿಸಿ ವಾಪಸು ಕೊಟ್ಟರು. ಬುಗುರಿ ನನಗೆ ಮೊದಲಿನಿಂದ ಕಳಿಸಿದ ಕಾಗದ, ಚಿತ್ರ ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ಹೋಗಿದ್ದೆ. ಅದನ್ನು ಮಾತ್ರ ಇಸಿದುಕೊಂಡರು. ತೆರೆಯಲಿಲ್ಲ. ಮಡಿಲಲ್ಲಿಟ್ಟುಕೊಂಡು ಮೇಲೆ ಕೈ ಇಟ್ಟುಕೊಂಡಿದ್ದರು. ಮೀಸೆಯ ಸೂರ್ಯನೂ ಅದರಲ್ಲಿ ಹೋದ. ನನ್ನ ಗೋಡೆ ಈಗ ಬರಿದು.

ಹೊರಡುವಾಗ ಕೇಳಿದರು, “ಅವರು ಊಟ ಎಲ್ಲಿ ಮಾಡ್ತಾರೆ?” ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಇಷ್ಟು ಕಾಗದದಲ್ಲಿ ನಾನು ಅದನ್ನು ಕೇಳಿಯೇ ಇಲ್ಲ.

ಅವರು ಕೂಸನ್ನು ಮುಟ್ಟಲಿಲ್ಲ. ಬಸ್ಸಿನವರೆಗೆ ಬಂದರು. ಬಿಸಿಲಿತ್ತು, ತಮ್ಮ ಸೆರಗನ್ನು ಕೂಸಿನ ಮುಖಕ್ಕೆ ಅಡ್ಡ ಹಿಡಿದುಕೊಂಡು ನಡೆದರು.

ನಿನ್ನ ತಂಗಿ


ಮಾರ್ಚ್ 20

ತಂಗಿಗೆ ಆಶೀರ್ವಾದ.

ಊಟ ಕ್ಯಾಂಟೀನಿನಲ್ಲಿ. ಚೆನ್ನಾಗಿರುವುದಿಲ್ಲ, ಆದರೂ ಮಾಡುತ್ತೇನೆ. ನಿನ್ನ ಅತ್ತಿಗೆಗೂ ಇದನ್ನೇ ಬರೆದು ಹಾಕಿದ್ದೇನೆ, ಜೊತೆಗೆ ಬೇರೇನೂ ಬರೆಯಲಾಗಲಿಲ್ಲ. ನಿನ್ನೆ ಉತ್ತರ ಬಂತು. ಬೇಗ ಬರುತ್ತೇನೆ ಎಂದಿಲ್ಲ, ಬರುವುದಿಲ್ಲ ಎಂದೂ ಇಲ್ಲ. “ನೀವೊಂದು ಸಲ ಹೋಗಿ ಕೂಸನ್ನ ನೋಡ್ಕೊಂಡು ಬನ್ನಿ. ನಮ್ಮವಳ ಹಾಗೆ ಕಾಣುತ್ತಾ, ನಂಗೆ ಧೈರ್ಯವಾಗಿ ನೋಡೋಕಾಗಲಿಲ್ಲ, ನೀವು ನೋಡಿ ಹೇಳಿ” ಎಂದು ಬರೆದಿದ್ದಾಳೆ. ಆ ಸಾಲನ್ನು ಎಷ್ಟು ಸಲ ಓದಿದೆನೋ.

ನನಗೆ ವರ್ಗವಾಗಿದೆ. ಹೊಸ ಜಾಗದಲ್ಲಿ ನದಿಯಿಲ್ಲ, ಬೋರ್‌ವೆಲ್ ನೀರು. ಇಲ್ಲಿ ನನ್ನ ಜಾಗಕ್ಕೆ ಬಂದವನಿಗೆ ಬೀಗದ ಕೈ ಕೊಟ್ಟು, ಮೋಟಾರು ತೋರಿಸಿ, ಮೆಟ್ಟಿಲನ್ನೂ ತೋರಿಸಿದೆ. ಅವನಿಗೆ ಇನ್ನೂ ಮದುವೆಯಾಗಿಲ್ಲ. ಅದನ್ನು ಕೇಳಿ ಸಮಾಧಾನವಾಯಿತು.

ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಸ್ಟೇಷನ್ನಿಗೆ ಯಾರೂ ಬರಬೇಡಿ, ಮನೆಗೇ ಬರುತ್ತೇನೆ. ಬಂದ ಕೂಡಲೇ ಕೂಸನ್ನು ನನ್ನ ಕೈಗೆ ಕೊಡಬೇಡ. ಸ್ವಲ್ಪ ಹೊತ್ತು ದೂರದಿಂದ ನೋಡುತ್ತೇನೆ. ನನ್ನ ಕೈ ಕೊನೆಯ ಸಲ ಎತ್ತಿಕೊಂಡದ್ದು ಅವಳನ್ನು. ಅದಾದ ಮೇಲೆ ಯಾವ ಮಗುವನ್ನೂ ಎತ್ತಿಲ್ಲ.

ಅಳು ಬಂದರೆ ಏನೂ ಹೇಳಬೇಡಮ್ಮ. ಎದ್ದು ಒಳಗೆ ಹೋಗಲೂ ಬೇಡ. ಅಲ್ಲೇ ಕೂತಿರು.

ನಿನ್ನ ಅಣ್ಣ